ಲೋಹದ ಕಡ್ಡಿಗೆ ಬೇಲಿಯ ಹೋಲಿಕೆ ಸಲ್ಲದು

ಬೆಳಕಿನ ಧ್ರುವೀಕರಣವನ್ನು, ಅಂದರೆ ಅದರ ಕಂಪನ ಯಾವ ದಿಕ್ಕಿನಲ್ಲಿದೆ ಎಂಬುದನ್ನು, ವಿವರಿಸಲು ಬೇಲಿ ಮತ್ತು ಹಗ್ಗದ ಹೋಲಿಕೆಯನ್ನು ಕೊಡುವುದು ರೂಢಿಯಾಗಿಬಿಟ್ಟಿದೆ. ನೆಟ್ಟಗೆ ನಿಂತ ಗಳುಗಳ ಸಂದಿನಲ್ಲಿ ಹಗ್ಗ ತೂರಿಸಿ ಅಲ್ಲಾಡಿಸಿದರೆ ಮೇಲೆ ಕೆಳಗೆ ಆಡುವ ಅಲೆ ಮಾತ್ರ ಆಚೆಗೆ ದಾಟುತ್ತದೆ ಎಂಬುದು ಅದರ ಸಾರ. ಲೋಹದ ತಂತಿಗಳ ಮಟ್ಟಿಗೆ ಈ ಹೋಲಿಕೆ ಪೂರ್ತಿ ತಲೆಕೆಳಗು. 1888ರಲ್ಲಿ ಜರ್ಮನ್ ಭೌತವಿಜ್ಞಾನಿ ಹೈನ್‌ರಿಚ್ ಹರ್ಟ್ಸ್, 3 ಸೆಂಟಿಮೀಟರ್ ಅಂತರದಲ್ಲಿ ತಾಮ್ರದ ತಂತಿಗಳನ್ನು ಬಿಗಿದ ಚೌಕಟ್ಟೊಂದನ್ನು ಸುಮಾರು 66 ಸೆಂಟಿಮೀಟರ್ ತರಂಗಾಂತರದ ರೇಡಿಯೊ ಅಲೆಗಳಿಗೆ ಅಡ್ಡ ಹಿಡಿದಾಗ, ತಂತಿಗಳಿಗೆ ಸಮಾಂತರವಾಗಿ ಕಂಪಿಸುತ್ತಿದ್ದ ಅಲೆಗೆ ದಾರಿ ಸಿಗಲಿಲ್ಲ. ತಂತಿಗೆ ಅಡ್ಡಲಾಗಿ ಕಂಪಿಸುವ ಅಲೆ ಮಾತ್ರ ಸರಾಗವಾಗಿ ದಾಟಿತು. ತಂತಿಯ ಉದ್ದಕ್ಕೆ ಎಲೆಕ್ಟ್ರಾನುಗಳು ಓಡಾಡಬಲ್ಲವು, ಓಡಾಡಿ ಅಲೆಯನ್ನು ಹಿಂದಕ್ಕೆ ಕಳಿಸಬಲ್ಲವು. ಅಗಲಕ್ಕೆ ಅವುಗಳಿಗೆ ಜಾಗವೇ ಇಲ್ಲ.

ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸರಿಸುಮಾರು 400ರಿಂದ 700 ನ್ಯಾನೊಮೀಟರ್ (ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್). ಆದ್ದರಿಂದ ಅದೇ ಚೌಕಟ್ಟನ್ನು ಬೆಳಕಿಗೆ ಹೊಂದಿಸಬೇಕಾದರೆ ಅಲ್ಯುಮಿನಿಯಂ ಗೆರೆಗಳನ್ನು ನೂರು, ನೂರೈವತ್ತು ನ್ಯಾನೊಮೀಟರ್ ಅಂತರದಲ್ಲಿ ಕೊರೆಯಬೇಕು. ಇಂದು ಅದು ಸಾಧ್ಯವಾಗಿದೆ. ಆದರೆ ತಡೆಯುವುದಕ್ಕಿಂತ ಸೊಗಸಾದ ಕೆಲಸವೆಂದರೆ ಬೆಳಕಿನ ಕಂಪನದ ರೂಪವನ್ನೇ ಬದಲಿಸುವುದು.

ದಾರದ ತುದಿಗೆ ಬೀಗದ ಕೈ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಹಿಡಿದು ಕೈಯನ್ನು ನಿಧಾನವಾಗಿ ಅತ್ತಿತ್ತ ಆಡಿಸಿ ನೋಡಿ: ಬೀಗದ ಕೈ ನಿಮ್ಮ ಕೈಯ ಜೊತೆಗೇ ಹೋಗುತ್ತದೆ. ವೇಗವಾಗಿ ಆಡಿಸಿದರೆ ಕೈ ಎಡಕ್ಕೆ ಹೋದಾಗ ಅದು ಬಲಕ್ಕೆ ಹೋಗುತ್ತದೆ. ಇವೆರಡರ ನಡುವೆ, ದಾರದ ಸಹಜ ಲಯಕ್ಕೆ ಕೈ ಕೂಡಿದಾಗ, ತೂಗಾಟ ಅತಿ ದೊಡ್ಡದಾಗಿ ಕಾಲು ಸುತ್ತಿನಷ್ಟು, ಅಂದರೆ ಒಂದು ಪೂರ್ತಿ ತೂಗಾಟದ ಕಾಲು ಭಾಗದಷ್ಟು, ಹಿಂದೆ ಬೀಳುತ್ತದೆ. ಬೆಳಕು ಬಿದ್ದಾಗ ಚಿನ್ನದ ನ್ಯಾನೊ ಕಡ್ಡಿಯಲ್ಲಿ (ನ್ಯಾನೊಮೀಟರ್ ಲೆಕ್ಕದ ಪುಟ್ಟ ಕಡ್ಡಿ) ಎಲೆಕ್ಟ್ರಾನುಗಳು ತೂಗಾಡುವುದೂ ಹೀಗೆಯೇ. ಗಿಡ್ಡ ದಾರದಂತೆ ಗಿಡ್ಡ ಕಡ್ಡಿಯ ಲಯ ಚುರುಕು, ಉದ್ದನೆಯದರ ಲಯ ನಿಧಾನ. ಉದ್ದದಲ್ಲಿ ತುಸು ವ್ಯತ್ಯಾಸವಿರುವ ಎರಡು ಕಡ್ಡಿಗಳನ್ನು ಒಂದಕ್ಕೊಂದು ಲಂಬವಾಗಿಟ್ಟು, ಎರಡರ ಲಯಗಳ ನಡುವಿನ ಬಣ್ಣದ ಬೆಳಕನ್ನು ಓರೆಯಾಗಿ ಕಂಪಿಸುವಂತೆ ಬಿಟ್ಟರೆ, ಗಿಡ್ಡ ಕಡ್ಡಿ ಸ್ವಲ್ಪವೇ ತಡವಾಗಿ, ಉದ್ದ ಕಡ್ಡಿ ಬಹಳ ತಡವಾಗಿ ಉತ್ತರಿಸುತ್ತವೆ. ಎರಡರ ಅಂತರ ಸರಿಯಾಗಿ ಕಾಲು ಸುತ್ತಾದರೆ, ಅವು ಚೆದುರಿಸುವ ಬೆಳಕಿನ ವಿದ್ಯುತ್ ಕ್ಷೇತ್ರ ಒಂದೇ ಗೆರೆಯಲ್ಲಿ ಆಡುವ ಬದಲು ಬುಗುರಿಯಂತೆ ಸುತ್ತತೊಡಗುತ್ತದೆ. ಸ್ಫಟಿಕ ಶಿಲೆಯ ಹಾಳೆಯಿಂದ ಹಳದಿ ಬೆಳಕಿನಲ್ಲಿ ಇದೇ ಕಾಲು ಸುತ್ತಿನ ಅಂತರವನ್ನು ಪಡೆಯಲು ಸುಮಾರು 16 ಮೈಕ್ರೊಮೀಟರ್ ದಪ್ಪ ಬೇಕು. ಚಿನ್ನಕ್ಕೆ ಅದರ ನೂರಾರರಲ್ಲಿ ಒಂದು ಪಾಲು ಸಾಕು, ಕೊಂಚ ಬೆಳಕು ಶಾಖವಾಗಿ ಕಳೆದುಹೋಗುವುದಂತೂ ನಿಜ.

ಈ ವಿದ್ಯೆಯ ಬೇರೊಂದು ಎಳೆ ಕಲ್ಕತ್ತೆಯಲ್ಲಿದೆ. ಪ್ರೆಸಿಡೆನ್ಸಿ ಕಾಲೇಜಿನ ಜಗದೀಶ್ ಚಂದ್ರ ಬೋಸ್ 1898ರಲ್ಲಿ ಸೆಣಬಿನ ನಾರನ್ನು ಹುರಿಮಾಡಿ ಅದರ ಮೂಲಕ ಕಿರು ರೇಡಿಯೊ ಅಲೆಗಳನ್ನು ಹಾಯಿಸಿದರು. ಹುರಿ ಬಲಕ್ಕೋ ಎಡಕ್ಕೋ ಎಂಬುದಕ್ಕೆ ತಕ್ಕಂತೆ ಕಂಪನದ ದಿಕ್ಕೂ ತಿರುಗಿತು. ವಸ್ತು ಯಾವುದೆಂಬುದಕ್ಕಿಂತ ಅದರ ಆಕಾರವೇ ಅಲೆಯನ್ನು ತಿರುಗಿಸಬಲ್ಲದೆಂದು ತೋರಿಸಿದ ಈ ಪ್ರಯೋಗ ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನೂ ದೊಡ್ಡ ಜಾಗ ಪಡೆಯಬೇಕಿತ್ತು. 2009ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹ ನಗರದ ವಿಜ್ಞಾನಿಗಳು ಚಿನ್ನದಲ್ಲೇ ಸೂಕ್ಷ್ಮ ಸುರುಳಿಗಳನ್ನು ಸಾಲಾಗಿ ನಿಲ್ಲಿಸಿ ಅವುಗಳ ಮೇಲೆ ಕಣ್ಣಿಗೆ ಕಾಣದ ಅವಕೆಂಪು (ಇನ್ಫ್ರಾರೆಡ್) ಬೆಳಕನ್ನು ಬಿಟ್ಟಾಗ, ಸುರುಳಿಯ ತಿರುವಿಗೆ ಹೊಂದುವಂತೆ ಸುತ್ತುತ್ತಿದ್ದ ಬೆಳಕು ತಡೆಯಲ್ಪಟ್ಟು, ಎದುರು ತಿರುವಿನ ಬೆಳಕು ಹಾಯ್ದುಹೋಯಿತು.