ಜಿರಳೆ, ತಿಗಣೆ, ಇರುವೆ: ಕಟ್ಟಡದೊಳಗೆ ಹರಡುವ ಬಗೆ

ಈ ಪಾಠ ಓದುವಾಗ ಒಂದು ಪ್ರಶ್ನೆ ಮನಸ್ಸಿನಲ್ಲಿಟ್ಟುಕೊಳ್ಳಿ. ಕೀಟ ತಾನಾಗಿ ಬಂತಾ, ಇಲ್ಲ ನಾವೇ ಹೊತ್ತು ತಂದೆವಾ? ಈ ಮೂರರ ವಿಷಯದಲ್ಲೂ ಹೊಸ ಕಟ್ಟಡಕ್ಕೆ ತಂದವರು ಹೆಚ್ಚಾಗಿ ನಾವೇ.

ಮೊದಲು ಜರ್ಮನ್ ಜಿರಳೆ. ಒಂದೂವರೆ ಸೆಂಟಿಮೀಟರಿನಷ್ಟು ಉದ್ದ, ತಲೆಯ ಹಿಂದೆ ಎರಡು ಕಪ್ಪು ಗೆರೆ. 1767ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇದಕ್ಕೆ ಜರ್ಮನಿಯ ಹೆಸರಿಟ್ಟರು. ಆದರೆ 2024ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದ ಪ್ರಕಾರ, ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಕಡೆ, ಏಷ್ಯನ್ ಜಿರಳೆಯಿಂದ ಇದು ಬೇರೆಯಾಯಿತು. ರೆಕ್ಕೆ ಇದೆ, ಹಾರಾಟ ಇಲ್ಲವೆನ್ನುವಷ್ಟು ಕಡಿಮೆ. ಜಗತ್ತು ಸುತ್ತಿದ್ದು ಜನರ ಸರಕಿನ ಜೊತೆ.

ಹೆಣ್ಣು ಜಿರಳೆಯ ಹಿಂಭಾಗದಲ್ಲಿ ಕಂದು ಬಣ್ಣದ ಪುಟ್ಟ ಚೀಲವೊಂದು ಅಂಟಿಕೊಂಡಿರುತ್ತದೆ. ಅದರಲ್ಲಿ 30ರಿಂದ 40 ಮೊಟ್ಟೆ. ಮರಿ ಹೊರಬರುವ ಹೊತ್ತಿನವರೆಗೂ ಅದನ್ನು ಹೊತ್ತುಕೊಂಡೇ ಓಡಾಡುತ್ತದೆ. ಅಂದರೆ ರಟ್ಟಿನ ಪೆಟ್ಟಿಗೆಯ ಮಡಿಕೆಯಲ್ಲಿ ಅಂಥ ಒಂದು ಹೆಣ್ಣು ಬಂದರೆ ಸಾಕು. ಆಮೇಲೆ ನೀರಿನ ಪೈಪ್ ಗೋಡೆ ದಾಟುವ ಸಂದಿನಿಂದ ಪಕ್ಕದ ಮನೆಗೆ ದಾರಿ ಇದ್ದೇ ಇದೆ.

ತಿಗಣೆಗೆ ರೆಕ್ಕೆಯ ಮೊಳಕೆ ಮಾತ್ರ. ಹೇನಿನ ಹಾಗೆ ಮೈಮೇಲೆ ಉಳಿಯುವುದೂ ಇಲ್ಲ. ರಕ್ತ ಕುಡಿದು ಸೂಟ್‌ಕೇಸಿನ ಹೊಲಿಗೆಯಲ್ಲೋ ಹಾಸಿಗೆಯ ಅಂಚಿನಲ್ಲೋ ಅಡಗುತ್ತದೆ, ಅಲ್ಲಿಂದಲೇ ಊರು ಬದಲಿಸುತ್ತದೆ. ಡಿಡಿಟಿ ಎಂಬ ಕೀಟನಾಶಕಕ್ಕೆ ಬಗ್ಗದ ತಿಗಣೆಗಳು 1940ರ ದಶಕದ ಕೊನೆಗೇ ಕಾಣಿಸಿಕೊಂಡವು.

ಈಗ ನನಗೆ ಮುಖ್ಯ ಅನ್ನಿಸುವ ಭಾಗ: ನಮ್ಮ ಔಷಧಿಯೇ ಕೀಟವನ್ನು ಹರಡಬಹುದು. ಫೇರೋ ಇರುವೆ ಎರಡು ಮಿಲಿಮೀಟರ್ ಉದ್ದದ ಹಳದಿ ಇರುವೆ. ಒಂದೇ ಗೂಡಿನಲ್ಲಿ ಹಲವು ರಾಣಿಗಳು. ಸಾಲಿನ ಮೇಲೆ ಸುಮ್ನೆ ಸ್ಪ್ರೇ ಹೊಡೆದರೆ ಕೆಲವು ಸಾಯುತ್ತವೆ. ಉಳಿದವು ಮರಿಗಳನ್ನು ಎತ್ತಿಕೊಂಡು ಬೇರೆ ಬೇರೆ ಕಡೆ ಗೂಡು ಹೂಡುತ್ತವೆ. ಒಂದು ಇದ್ದದ್ದು ನಾಲ್ಕಾಯಿತು, ಅಲ್ವಾ? ಅದಕ್ಕೇ ನಿಧಾನವಾಗಿ ಕೊಲ್ಲುವ ವಿಷ ಬೆರೆಸಿದ ತಿನಿಸು ಇಡುತ್ತಾರೆ. ಕೆಲಸಗಾರ ಇರುವೆಗಳೇ ಅದನ್ನು ರಾಣಿಗೆ ಉಣಿಸುತ್ತವೆ.

ಜಿರಳೆಗೂ ಹೀಗೆ ತಿನಿಸು ಇಡಬಹುದು. ಆದರೆ ಕೆಲವು ಜರ್ಮನ್ ಜಿರಳೆಗಳ ನಾಲಿಗೆಗೆ ಗ್ಲೂಕೋಸ್ ಈಗ ಕಹಿ. ಗ್ಲೂಕೋಸ್ ಇರುವ ವಿಷದ ತಿನಿಸು ತಿನ್ನದೆ ಬದುಕುಳಿದವುಗಳ ಸಂತತಿ ಅವು. ಹಾಗಾಗಿ ತಿನಿಸು ಕೆಲಸ ಮಾಡದಿದ್ದರೆ ಪ್ರಮಾಣ ಜಾಸ್ತಿ ಮಾಡುವುದಲ್ಲ, ತಿನಿಸನ್ನೇ ಬದಲಿಸಬೇಕು. ಎಲ್ಲಿಡಬೇಕು ಎಂದು ತಿಳಿಯಲು ಗೋಡೆಯ ಬುಡಕ್ಕೆ ಅಂಟುಹಾಳೆ ಇಟ್ಟು ನೋಡಿ. ರೆಕ್ಕೆಯಿಲ್ಲದ ಸಣ್ಣ ಮರಿಗಳು ಹೆಚ್ಚು ಅಂಟಿದ್ದರೆ ಅಡಗುತಾಣ ಅಲ್ಲೇ ಹತ್ತಿರದಲ್ಲಿದೆ.