ದೆವ್ವ ಬಾಯಿ ತೆಗಿತೈತಿ, ದನಿ ಬರವಲ್ದು

ಕೊಪ್ಪಳದ ಗವಿಮಠದ ಜಾತ್ರೆ ಹತ್ತಿರ ಬಂತೆಂದರೆ ನನ್ನ ರಿಪೇರಿ ಅಂಗಡಿಗೆ ದೆವ್ವಗಳು ಬರುತ್ತವೆ. ಥರ್ಮಾಕೋಲಿನ ಬುರುಡೆ, ಕೂದಲು ಕೆದರಿದ ರಬ್ಬರ್ ಮುಖ, ಮುಚ್ಚಳ ತೆರೆದು ಏಳುವ ಹೆಣ. ಭೂತ ಬಂಗಲೆ ಹಾಕುವವರ ದೂರು ಒಂದೇ: "ಸರ್, ದೆವ್ವ ಬಾಯಿ ತೆಗಿತೈತಿ, ದನಿ ಬರವಲ್ದು." ನನ್ನ ಟೇಬಲ್ ಮೇಲೆ ಚೆನ್ನಾಗೇ ಕಿರುಚುತ್ತದೆ. ಅಲ್ಲಿ ಜನರೇಟರ್, ತೊಟ್ಟಿಲು, ಪಕ್ಕದ ಅಂಗಡಿಯವರ ಮೈಕು. ಅದರ ನಡುವೆ ಸೊಳ್ಳೆ ಗುಂಯ್ ಅಂದ ಹಾಗೆ.

ಒಳಗಿರುವುದು ಹೆಚ್ಚಾಗಿ ಡಿಎಫ್‌ಪ್ಲೇಯರ್ ಮಿನಿ. ಮೆಮೊರಿ ಕಾರ್ಡ್ ಹಾಕಿದರೆ ಎಂಪಿ3 ನುಡಿಸುವ ಪುಟ್ಟ ಬೋರ್ಡು. 3 ವ್ಯಾಟ್ ಅನ್ನುತ್ತಾರೆ. ಅದು 5 ವೋಲ್ಟಿಗೆ, 4 ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಸ್ಪೀಕರಿಗೆ, ಅದೂ ದನಿ ಒಡೆಯುವ ಹೊತ್ತಿಗೆ. 8 ಓಮ್ ಆದರೆ ಒಂದೂವರೆ ವ್ಯಾಟ್ ಸಿಕ್ಕರೆ ಪುಣ್ಯ.

"ದೊಡ್ಡ ಆಂಪ್ಲಿಫೈಯರ್ ಹಾಕ್ರಿ" ಅನ್ನುತ್ತಾರೆ. ಮೊದಲು ಸ್ಪೀಕರ್ ತೋರಿಸಿ ಅನ್ನುತ್ತೇನೆ. ವ್ಯಾಟ್ ದುಪ್ಪಟ್ಟಾದರೆ ದನಿ ಏರುವುದು 3 ಡೆಸಿಬೆಲ್ (ಸದ್ದಿನ ಅಳತೆ), ಕಿವಿಗೆ ಅಷ್ಟಿಷ್ಟು ಗೊತ್ತಾಗುತ್ತದೆ. ಕಿವಿಗೆ ದುಪ್ಪಟ್ಟು ಅನಿಸಲು ಸುಮಾರು 10 ಡೆಸಿಬೆಲ್ ಬೇಕು. ಅಂದರೆ ವ್ಯಾಟ್ ಹತ್ತು ಪಟ್ಟು, 3 ಇದ್ದದ್ದು 30. ಅದೇ 10 ಡೆಸಿಬೆಲ್ ಸ್ಪೀಕರ್ ಬದಲಿಸಿದರೂ ಸಿಗುತ್ತದೆ. ಆಟಿಕೆಯಿಂದ ಕಿತ್ತದ್ದು 1 ವ್ಯಾಟಿಗೆ, 1 ಮೀಟರ್ ದೂರದಲ್ಲಿ 80 ಡೆಸಿಬೆಲ್ ಕೊಟ್ಟರೆ, ಒಳ್ಳೆಯ 6 ಇಂಚಿನದು 90ರ ಹತ್ತಿರ ಕೊಡುತ್ತದೆ. ಗುಡಿ ಮೇಲೆ ಕಟ್ಟುವ ಹಾರ್ನ್ ಅಂತೂ 100 ದಾಟುತ್ತದೆ. ಹಾರ್ನ್ ಯೂನಿಟ್ ಸಾಮಾನ್ಯವಾಗಿ 16 ಓಮ್, ಸಣ್ಣ ಬೋರ್ಡಿನಿಂದ ಒಂದು ವ್ಯಾಟೂ ಹೋಗುವುದಿಲ್ಲ. ಆದರೂ ಗೆಲ್ಲುವುದು ಅದೇ.

ಇನ್ನು, ಸ್ಪೀಕರನ್ನು ಬುರುಡೆಯೊಳಗೆ ವೈರಿನಲ್ಲಿ ಜೋತುಬಿಟ್ಟಿರುತ್ತಾರೆ. ಸ್ಪೀಕರಿನ ಮುಂಭಾಗದ ಸದ್ದನ್ನು ಹಿಂಭಾಗದ ಸದ್ದು ತಿಂದುಹಾಕುತ್ತದೆ, ದಪ್ಪ ದನಿಯಲ್ಲಂತೂ ಜಾಸ್ತಿ. ಪ್ಲೈವುಡ್ ಡಬ್ಬಿ ಮಾಡಿ ಬಿಗಿಯಾಗಿ ಕೂರಿಸಿ. ಎಣ್ಣೆ ಡಬ್ಬಿಯೂ ನಡೆಯುತ್ತದೆ. ತಗಡು ಝಲ್ಲೆಂದರೆ ಹಾಡಿಗೆ ಕೆಟ್ಟದ್ದು, ದೆವ್ವಕ್ಕಲ್ಲ.

ಕೊನೆಗೆ ಫೈಲು. ಇದನ್ನು ಯಾರೂ ಮುಟ್ಟುವುದೇ ಇಲ್ಲ! ಗುರ್ರ್ ಅನ್ನುವ ಆಳದ ಸದ್ದು ಡೌನ್‌ಲೋಡ್ ಮಾಡಿ ತರುತ್ತಾರೆ. 3 ಇಂಚಿನ ಸ್ಪೀಕರಿನಲ್ಲಿ 150 ಹರ್ಟ್ಜ್ (ಸೆಕೆಂಡಿಗೆ 150 ಕಂಪನ) ಕೆಳಗಿನ ದಪ್ಪ ದನಿ ಬರುವುದೇ ಇಲ್ಲ, ಸುಮ್ನೆ ಪೇಪರ್ ಅಲ್ಲಾಡುತ್ತದೆ. ಸದ್ದು ತಿದ್ದುವ ಸಾಫ್ಟ್‌ವೇರ್ ಆಡಾಸಿಟಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಆ ಕೆಳಗಿನ ಭಾಗ ಕತ್ತರಿಸಿ, ಕಂಪ್ರೆಸರ್ (ಜೋರು-ಮೆಲು ಸದ್ದಿನ ಅಂತರ ತಗ್ಗಿಸುವುದು) ಹಾಕಿ, ಮಟ್ಟ ಮೇಲೇರಿಸಿ. ನಮ್ಮ ಕಿವಿ ಚುರುಕಾಗಿರುವುದು 2000ದಿಂದ 5000 ಹರ್ಟ್ಜ್ ನಡುವೆ. ಚೀರಾಟ, ಬಾಗಿಲು ಕಿರ್ರ್ ಅನ್ನುವುದು ಅಲ್ಲಿಗೇ ಬಡಿಯುತ್ತದೆ.

ಇಷ್ಟಾದ ಮೇಲೂ ಸಾಲದಿದ್ದರೆ 12 ವೋಲ್ಟಿನ ಆಂಪ್ಲಿಫೈಯರ್ ಬೋರ್ಡು ಹಾಕಿ. ಆದರೆ ಅದಕ್ಕೆ ವೈರ್ ಕೊಡಬೇಕಾದದ್ದು ಪ್ಲೇಯರಿನ ಡ್ಯಾಕ್ ಪಿನ್ನಿನಿಂದ (ಇನ್ನೂ ಜೋರು ಮಾಡದ ಸಿಗ್ನಲ್ ಬರುವ ಪಿನ್ನು), ಸ್ಪೀಕರ್ ಪಿನ್ನಿನಿಂದಲ್ಲ. ಆ ಸ್ಪೀಕರ್ ಪಿನ್ನುಗಳಲ್ಲಿ ಎರಡರಲ್ಲೂ ಸಿಗ್ನಲ್ ಇರುತ್ತದೆ, ಒಂದನ್ನೂ ಗ್ರೌಂಡಿಗೆ (ಮೈನಸ್ ವೈರಿಗೆ) ಮುಟ್ಟಿಸಬಾರದು. ಹೊಸದರಲ್ಲಿ ಹೀಗೆ ಮಾಡಿ ನಾನೇ ಎರಡು ಬೋರ್ಡು ಸುಟ್ಟಿದ್ದೇನೆ. ಕೈ ಎತ್ತುವ ಮೋಟಾರಿಗೂ ಪ್ಲೇಯರಿಗೂ ಒಂದೇ ಅಡಾಪ್ಟರ್ ಬೇಡ. ಕೈ ಎತ್ತಿದಾಗ ವೋಲ್ಟೇಜ್ ಕುಸಿದು ಕಿರುಚಾಟ ಅರ್ಧಕ್ಕೇ ನಿಲ್ಲುತ್ತದೆ. ಬೇರೆ ಅಡಾಪ್ಟರ್ ಇಲ್ಲದಿದ್ದರೆ ಪ್ಲೇಯರಿನ ಪಕ್ಕದಲ್ಲೇ ಕ್ಷಣಹೊತ್ತು ಕರೆಂಟ್ ಹಿಡಿದಿಡುವ 1000 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಕೊಟ್ಟು ನೋಡಿ.

ಹೋದ ಸಲ ಒಬ್ಬರಿಗೆ ಇದ್ಯಾವುದನ್ನೂ ಮಾಡಲಿಲ್ಲ. ಬುರುಡೆ ನಾಲ್ಕು ಮೀಟರ್ ಆಚೆ ಇತ್ತು. ಸ್ಪೀಕರ್ ಕಿತ್ತು, ಜನ ತಿರುಗುವ ಮೂಲೆಯ ಪರದೆ ಹಿಂದೆ ಇಟ್ಟೆ. ತೆರೆದ ಜಾಗದಲ್ಲಿ ದೂರ ಅರ್ಧವಾದಷ್ಟು ಸಲ 6 ಡೆಸಿಬೆಲ್ ಪುಕ್ಕಟೆ. "ದೆವ್ವ ಅಲ್ಲೈತಿ, ದನಿ ಇಲ್ಲಿ ಬಂದ್ರ ಹೆಂಗ್ರಿ?" ಅಂದರು. ಕತ್ತಲಲ್ಲಿ ಯಾರು ಹುಡುಕುತ್ತಾರೆ, ಅಲ್ವಾ? ಮಕ್ಕಳ ಕಿವಿಗೆ ನೇರವಾಗಿ ಹಾರ್ನ್ ಮಾತ್ರ ಇಡಬೇಡಿ ಎಂದು ಹೇಳಿ ಬಂದೆ.