ನಟನ ದನಿ, ಉದ್ಘೋಷಕನ ದನಿ: ಮೈಕಿನ ದೂರದ ಲೆಕ್ಕ

ಇಸವಿಗಳು ಸುಲಭ. ಕನ್ನಡಕ್ಕೆ ವಾಕ್ಚಿತ್ರ ಬಂದದ್ದು 1934ರಲ್ಲಿ. ಮರುವರ್ಷವೇ, 1935ರ ಸೆಪ್ಟೆಂಬರ್ 10ರಂದು, ಮೈಸೂರಿನ ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟ್‌ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಶುರುಮಾಡಿದರು. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೋಗೆ ಸೇರಿತು. ಹೀಗೆ ಒಂದೇ ತಲೆಮಾರಿನ ಕಲಾವಿದರಿಗೆ ಸಿನಿಮಾ ಮೈಕು, ರೇಡಿಯೋ ಮೈಕು ಎರಡೂ ಎದುರಾದವು.

ಎಡವುವುದು ಮುಂದಿನ ಹೆಜ್ಜೆಯಲ್ಲಿ: ಎರಡು ಮೈಕಿಗೂ ದನಿ ಯಾಕೆ ಬೇರೆ ಬೇಕು ಎಂಬಲ್ಲಿ. ರೇಡಿಯೋ ಮೈಕು ಬಾಯಿಗೆ ಒಂದಡಿ ದೂರ ಎನ್ನಿ. ಸಿನಿಮಾದಲ್ಲಿ ಅದು ಚೌಕಟ್ಟಿನಾಚೆ, ತಲೆಯ ಮೇಲೆ, ನಾಲ್ಕಡಿ. ದೂರ ಇಮ್ಮಡಿಯಾದರೆ ನೇರ ದನಿ, ಅಂದರೆ ಬಾಯಿಂದ ಸೀದಾ ಮೈಕಿಗೆ ಬರುವ ದನಿ, 6 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಇಳಿಯುತ್ತದೆ. ನಾಲ್ಕು ಪಟ್ಟಾದರೆ 12. 'ಆಂಪ್ಲಿಫೈಯರ್ ಏರಿಸಿದರಾಯ್ತಲ್ಲ?' ಆಗದು. ಗೋಡೆಗೆ ಬಡಿದು ಮರಳುವ ಸದ್ದು ಕೋಣೆಯಲ್ಲಿ ಹೆಚ್ಚುಕಡಿಮೆ ಎಲ್ಲೆಡೆ ಒಂದೇ ಮಟ್ಟದಲ್ಲಿರುತ್ತದೆ. ಮೈಕು ದೂರ ಹೋದಾಗ ಇಳಿಯುವುದು ನೇರ ದನಿ ಮಾತ್ರ. ಆಂಪ್ಲಿಫೈಯರಿನ ಮಟ್ಟ ಏರಿಸಿದರೆ ದನಿಯ ಜೊತೆಗೆ ಮಾರ್ದನಿ, ಗದ್ದಲ ಕೂಡ ಅಷ್ಟೇ ಏರುತ್ತವೆ. ನಟನೇ ಗಟ್ಟಿಯಾಗಿ ಆಡಿದರೂ ನೇರ ದನಿಗೂ ಮಾರ್ದನಿಗೂ ಇರುವ ಅನುಪಾತ ಬದಲಾಗದು, ಮಾರ್ದನಿಯೂ ಜೊತೆಗೇ ಏರುತ್ತದೆ. ಲಾಭ ಕ್ಯಾಮೆರಾ ಸದ್ದು, ಫ್ಯಾನಿನ ಸದ್ದಿನ ಎದುರು ಮಾತ್ರ. ಮಾರ್ದನಿ ತಗ್ಗಿಸಲು ಮುಖ್ಯ ದಾರಿ ಎರಡು: ಮೈಕು ಹತ್ತಿರ ತರುವುದು, ಇಲ್ಲವೇ ಗೋಡೆಗೆ ದಪ್ಪ ಪರದೆ ಕಟ್ಟುವುದು.

ಅದೇ ಗಟ್ಟಿ ದನಿಯನ್ನು ರೇಡಿಯೋ ಮೈಕಿಗೆ ಒಂದಡಿಯಲ್ಲಿ ಹಾಕಿದರೆ ಸದ್ದಿನ ಮೀಟರಿನ ಮುಳ್ಳು ಕೆಂಪಿಗೆ ಹೋಗುತ್ತದೆ. ಎಂಜಿನಿಯರ್ ಮಟ್ಟ ಇಳಿಸುತ್ತಾನೆ. ವಾಕ್ಯದ ಮೊದಲು ಅಬ್ಬರಿಸಿ ಕೊನೆಯಲ್ಲಿ ಉಸಿರು ಬಿಡುವ ರಂಗಭೂಮಿಯ ಅಭ್ಯಾಸದವರ ವಾಕ್ಯದ ಬಾಲ ಆಗ ಮುಳುಗುತ್ತದೆ. ಕನ್ನಡದಲ್ಲಿ ಇದು ದೊಡ್ಡ ಅಪಾಯ, ಯಾಕೆಂದರೆ ನಮ್ಮ ಕ್ರಿಯಾಪದ, ನಿಷೇಧ ಎರಡೂ ಕೊನೆಯಲ್ಲೇ. 'ಸಂಜೆ ಹರಿಕಥೆ ಪ್ರಸಾರವಾಗುವುದಿಲ್ಲ' ಎಂಬುದರಲ್ಲಿ 'ಇಲ್ಲ' ನುಂಗಿಹೋದರೆ ಕೇಳುಗರು ಸಂಜೆ ರೇಡಿಯೋ ಮುಂದೆ ಕೂರುತ್ತಾರೆ. ಕೊನೆಯ ಪದಕ್ಕೆ ಉಸಿರು ಉಳಿಸಿಕೊಳ್ಳುವುದೇ ಉದ್ಘೋಷಣೆಯ ನಿಜವಾದ ಕಸುಬು ಎನ್ನುವುದು ನನ್ನ ದೃಢ ಅಭಿಪ್ರಾಯ.

ಮಧ್ಯಮ ತರಂಗದ (ಮೀಡಿಯಂ ವೇವ್) ರೇಡಿಯೋದಲ್ಲಿ ಸುಮಾರು 5 ಕಿಲೋಹರ್ಟ್ಸ್‌ಗಿಂತ ಮೇಲಿನ ಸದ್ದು ಸೋರಿಹೋಗುತ್ತದೆ. 'ಸ'ದ ತಿರುಳು ಇರುವುದೇ ಅಲ್ಲಿ, 'ಶ'ದ್ದು ಕೆಳಗೆ. ಅದಕ್ಕೇ 'ಸ' ಮಂಕಾಗಿ ಕೇಳಿಸುತ್ತದೆ. ಪ, ಬ, ಭ ಬಂದಾಗ ಮುಖವನ್ನು ಮೈಕಿಗೆ ಕೊಂಚ ಓರೆ ಹಿಡಿದರೆ ಉಸಿರಿನ ಬಡಿತ ತಪ್ಪುತ್ತದೆ.

ಉದ್ಘೋಷಕ ಓದುವ ಹಾಳೆಯ ವಿಷಯ: ಒಂದೇ ಮಗ್ಗುಲಲ್ಲಿ ಬರೆಯಿರಿ, ಪುಟದ ಕೊನೆಗೆ ವಾಕ್ಯವೂ ಮುಗಿಯಲಿ. ಓದಿದ ಹಾಳೆಯನ್ನು ಮಗುಚಬೇಡಿ, ಸದ್ದಾಗದಂತೆ ಪಕ್ಕಕ್ಕೆ ಜಾರಿಸಿ.